ಮೈಸೂರು ಜಾವಾಗೆ ಮತ್ತೆ ಕ್ರೋಮ್: ದುಡ್ಡು ಹೋಗುವುದು ಎಲ್ಲಿ, ಉಳಿಯುವುದು ಎಲ್ಲಿ

ಜಾವಾ 250 ಬೈಕಿಗೆ ಅಂದ ಬಂದಿರುವುದೇ ಕ್ರೋಮಿನಿಂದ. ಪೆಟ್ರೋಲ್ ಟ್ಯಾಂಕಿನ ಎರಡೂ ಮಗ್ಗುಲು, ಹ್ಯಾಂಡಲ್, ಹೆಡ್‌ಲೈಟಿನ ಬಳೆ, ಎಂಜಿನ್ನಿನಿಂದ ಹೊರಬರುವ ಎರಡು ಬೆಂಡ್ ಪೈಪುಗಳು, ಎರಡು ಸೈಲೆನ್ಸರ್, ಚಕ್ರದ ರಿಮ್, ಕಿಕ್ಕರ್, ಟ್ಯಾಂಕಿನ ಮುಚ್ಚಳ, ಹೀಗೆ ಕಣ್ಣು ಎಲ್ಲಿ ಬಿದ್ದರೂ ಹೊಳಪು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ಕಟ್ಟಲು ಶುರು ಮಾಡಿತು, 1996ರಲ್ಲಿ ಬಾಗಿಲು ಹಾಕಿತು. ನನ್ನ ಬಳಿ ಇರುವುದು ಅರವತ್ತರ ದಶಕದ ಕೊನೆಯ ಗಾಡಿ. ಎಂಜಿನ್ ಕೆಲಸ ಮುಗಿದಿತ್ತು, ಕೆಂಪು ಬಣ್ಣಕ್ಕೆ ಒಳ್ಳೆಯ ಪೇಂಟರ್ ಸಿಕ್ಕಿದ್ದರು. ಕ್ರೋಮ್ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು, ಏಕೆಂದರೆ ಹಳೆಯ ಗಾಡಿಗಳನ್ನು ಪೂರ್ತಿ ಮಾಡಿಕೊಡುವವರು ಅದಕ್ಕೆ ಹೇಳುತ್ತಿದ್ದ ಮೊತ್ತ ಎಂಜಿನ್ ರಿಪೇರಿಗೆ ಆದ ಖರ್ಚನ್ನೂ ಮೀರುತ್ತಿತ್ತು.

ಆ ಮೊತ್ತದಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳುತ್ತಾ ಹೋದೆ. ಆಗ ತಿಳಿದದ್ದಿಷ್ಟು: ಕ್ರೋಮ್ ಎಂಬ ಲೋಹಕ್ಕೆ ನಾವು ಕೊಡುವ ದುಡ್ಡು ಚಿಲ್ಲರೆ. ಮಿಕ್ಕದ್ದೆಲ್ಲ ಅದಕ್ಕೆ ಮುಂಚಿನ ಕೈಕೆಲಸದ ಕೂಲಿ. ತುಕ್ಕು ತೆಗೆಯುವುದು, ನೆಗ್ಗು ಎತ್ತುವುದು, ಹಳೆಯ ಪದರ ಕಳಚುವುದು, ಎಲ್ಲಕ್ಕಿಂತ ಹೆಚ್ಚಾಗಿ ಗಂಟೆಗಟ್ಟಲೆ ಬಫಿಂಗ್ ಮಾಡುವುದು, ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ನುಣುಪು ಮಾಡುವುದು. ಇದರಲ್ಲಿ ಅರ್ಧದಷ್ಟನ್ನು ಮನೆಯ ಹಿತ್ತಿಲಲ್ಲೇ ಮಾಡಬಹುದು. ನಾನು ಮಾಡಿದ್ದೂ ಅದನ್ನೇ. ಕೊನೆಗೆ ಆದ ಖರ್ಚು ಮೊದಲು ಕೇಳಿದ ಮೊತ್ತದ ಅರ್ಧವನ್ನೂ ಮುಟ್ಟಲಿಲ್ಲ.

ನಾವು ಕ್ರೋಮ್ ಎಂದು ಕರೆಯುವ ಹೊಳಪು ನಿಜಕ್ಕೂ ನಿಕ್ಕಲ್ಲಿನದು. ಕಬ್ಬಿಣದ ಮೇಲೆ ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ತುತ್ತತುದಿಗೆ ಕ್ರೋಮ್. ತಾಮ್ರ ಸಣ್ಣಪುಟ್ಟ ಗುಳಿಗಳನ್ನು ತುಂಬಿ ಮೈಯನ್ನು ಸಮ ಮಾಡುತ್ತದೆ. ನಿಕ್ಕಲ್ ಹೊಳಪು ಕೊಡುತ್ತದೆ, ನೀರು ಕಬ್ಬಿಣಕ್ಕೆ ತಾಗದಂತೆ ತಡೆಯುತ್ತದೆ. ಕ್ರೋಮ್ ಪದರ ಅರ್ಧ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಕೂಡ ಇರುವುದಿಲ್ಲ. ಗಾಳಿಗೆ ನಿಕ್ಕಲ್ ಹಳದಿಗಟ್ಟಿ ಮಂಕಾಗುವುದನ್ನು ತಡೆಯುವುದು, ಗೀರು ಬೀಳದಂತೆ ಗಟ್ಟಿ ಮೈ ಕೊಡುವುದು ಅದರ ಕೆಲಸ. ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿಯುವ ಅಗ್ಗದ ಕೆಲಸದಲ್ಲಿ ಕ್ರೋಮ್ ಕೆಟ್ಟಿರುವುದಿಲ್ಲ. ಅಲ್ಲಿ ತಾಮ್ರವನ್ನು ಪೂರ್ತಿ ಬಿಟ್ಟಿರುತ್ತಾರೆ, ನಿಕ್ಕಲ್ಲನ್ನು ಹೆಸರಿಗೆ ಮಾತ್ರ ತೋರಿಸಿರುತ್ತಾರೆ.

ಯಾವುದಕ್ಕೆ ಕ್ರೋಮ್ ಬೇಕು, ಯಾವುದಕ್ಕೆ ಬೇಡ ಎಂದು ಬೇರ್ಪಡಿಸುವುದರಿಂದಲೇ ಉಳಿತಾಯ ಶುರುವಾಗುತ್ತದೆ. ತುಕ್ಕು ಕಂಡ ಭಾಗವನ್ನೆಲ್ಲ ಪ್ಲೇಟಿಂಗಿಗೆ, ಅಂದರೆ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಲೋಹದ ಪದರ ಕೂರಿಸುವ ಕೆಲಸಕ್ಕೆ, ಹೊತ್ತುಕೊಂಡು ಹೋಗಬೇಕಿಲ್ಲ. ಎಷ್ಟೋ ತುಕ್ಕು ಕ್ರೋಮಿನ ಸೂಕ್ಷ್ಮ ರಂಧ್ರಗಳಿಂದ ಹೊರಬಂದು ಮೇಲೆ ಹರಡಿಕೊಂಡದ್ದಾಗಿರುತ್ತದೆ, ಕೆಳಗಿನ ಪದರ ಇನ್ನೂ ಗಟ್ಟಿಯಾಗಿರುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿದರೆ ಅದು ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಆದ್ದರಿಂದ ಗೀರು ಬೀಳುವುದಿಲ್ಲ. ಉಜ್ಜುತ್ತಿದ್ದಂತೆ ಕಂದು ಬಣ್ಣದ ಕೆಸರು ಏಳುತ್ತದೆ. ಅದನ್ನು ತೊಳೆದು ನೋಡಿದರೆ ಹೊಳಪಿನ ನಡುವೆ ಸೂಜಿಮೊನೆಯಷ್ಟು ಚುಕ್ಕೆಗಳು ಮಾತ್ರ ಉಳಿದಿರುತ್ತವೆ. ನನ್ನ ಹೆಡ್‌ಲೈಟಿನ ಬಳೆ, ಕಿಕ್ಕರ್, ಕನ್ನಡಿಯ ಕಡ್ಡಿಗಳು ಇಷ್ಟರಲ್ಲೇ ಪಾರಾದವು. ಆ ಚುಕ್ಕೆಗಳನ್ನು ಹಾಗೆಯೇ ಬಿಟ್ಟು ಮೇಣ ಹಚ್ಚಿದ್ದೇನೆ. ಅರವತ್ತರ ದಶಕದ ಮೂಲ ಪದರ ಉಳಿದಿರುವ ಭಾಗಕ್ಕೆ ಹೊಸ ಪದರ ಹಾಕಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಿಕ್ಕಲ್ ಉಳಿದಿದೆಯೋ ಕಬ್ಬಿಣ ಬಯಲಾಗಿದೆಯೋ ಎಂದು ಕಣ್ಣಿಗೆ ತಿಳಿಯದಿದ್ದಾಗ ಮೈಲುತುತ್ತ ನೆರವಿಗೆ ಬರುತ್ತದೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರ ಮನೆಯಲ್ಲಿ ಅದು ಇದ್ದೇ ಇರುತ್ತದೆ, ಇಲ್ಲವಾದರೆ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಒಂದು ಚಿಟಿಕೆಯನ್ನು ನೀರಿನಲ್ಲಿ ಕರಗಿಸಿ, ಜಿಡ್ಡು ತೆಗೆದು ತೊಳೆದ ಜಾಗಕ್ಕೆ ಹತ್ತಿಯಿಂದ ಒಂದು ಹನಿ ಮುಟ್ಟಿಸಬೇಕು. ಕಬ್ಬಿಣ ಬಯಲಾಗಿದ್ದರೆ ನೋಡುನೋಡುತ್ತಿದ್ದಂತೆ ಕೆಂಪು ತಾಮ್ರ ಅಂಟಿಕೊಳ್ಳುತ್ತದೆ. ನಿಕ್ಕಲ್ ಇದ್ದಲ್ಲಿ ಹನಿ ನೀಲಿಯಾಗಿಯೇ ಕೂತಿರುತ್ತದೆ. ಹ್ಯಾಂಡಲಿನ ಮೇಲೆ ಹೀಗೆ ಅಲ್ಲಲ್ಲಿ ಮುಟ್ಟಿಸಿ ನೋಡಿದೆ. ಹಿಡಿಯ ರಬ್ಬರಿನ ಅಡಿ ಪೂರ್ತಿ ಕೆಂಪಾಯಿತು, ನಡುವಿನ ಬಾಗಿನಲ್ಲಿ ಹನಿಯ ಬಣ್ಣ ಬದಲಾಗಲಿಲ್ಲ. ಅರ್ಧ ಉಳಿದ ನಿಕ್ಕಲ್ ಮೇಲೆ ಹೊಸದು ಕೂರಿಸಿದರೆ ಎರಡೂ ಸೇರುವ ಅಂಚಿನಲ್ಲಿ ಸಿಪ್ಪೆ ಏಳುತ್ತದೆ. ಹಾಗಾಗಿ ಹ್ಯಾಂಡಲನ್ನು, ಹಳೆಯ ಪದರ ಪೂರ್ತಿ ಕಳಚಿ ಮಾಡಿಸುವ ಗುಂಪಿಗೆ ಸೇರಿಸಿದೆ. ಪರೀಕ್ಷೆಯಾದ ಮೇಲೆ ಆ ಜಾಗವನ್ನು ಚೆನ್ನಾಗಿ ತೊಳೆದು ಒರೆಸಬೇಕು.

ಕ್ರೋಮ್ ಮಾಡಿಸಲೇಬಾರದ ಭಾಗಗಳೂ ಇವೆ. ಸ್ಪ್ರಿಂಗು, ಆಕ್ಸಲ್, ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಆಮ್ಲದಲ್ಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಮುಳುಗಿಸಿದಾಗ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಭಾರ ಬಿದ್ದ ದಿನ ಪಟ್ಟನೆ ಮುರಿಯುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿ ಶಾಖದಲ್ಲಿ ಹಲವು ಗಂಟೆ ಬೇಯಿಸಿದರೆ ಆ ಹೈಡ್ರೋಜನ್ ಹೊರಹೋಗುತ್ತದೆ, ಆದರೆ ಅದಕ್ಕೆ ಬೇಕಾದ ಒಲೆ ಸಣ್ಣ ಅಂಗಡಿಗಳಲ್ಲಿ ಇರುವುದಿಲ್ಲ. ಆಕ್ಸಲನ್ನು ಉಜ್ಜಿ ಗ್ರೀಸ್ ಹಚ್ಚಿದೆ, ಚಕ್ರದ ಕಡ್ಡಿಗಳನ್ನು ಹೊಸದಾಗಿ ತಂದೆ. ಜೀವ ಇರುವುದು ಎರಡು ಚಕ್ರಗಳ ಮೇಲೆ, ಅಲ್ಲಿ ಅಂದದ ಮಾತು ಬರಬಾರದು.

ಕ್ರೋಮ್ ಆಗಲೇಬೇಕಾದವು ಕೊನೆಗೆ ಉಳಿದದ್ದು ಹ್ಯಾಂಡಲ್, ಬೆಂಡ್ ಪೈಪುಗಳು, ಸೈಲೆನ್ಸರುಗಳು, ಟ್ಯಾಂಕು ಮತ್ತು ಮುಂದಿನ ರಿಮ್.

ತುಕ್ಕು ತೆಗೆಯಲು ನಾನು ಹೆಚ್ಚಾಗಿ ನಂಬಿದ್ದು ವಾಷಿಂಗ್ ಸೋಡಾ ಮತ್ತು ಬ್ಯಾಟರಿ ಚಾರ್ಜರನ್ನು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ, ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ, ಭಾಗವನ್ನು ಚಾರ್ಜರಿನ ನೆಗೆಟಿವ್ ತಂತಿಗೆ, ಬೇಡದ ಕಬ್ಬಿಣದ ತಗಡನ್ನು ಪಾಸಿಟಿವ್ ತಂತಿಗೆ ಕಟ್ಟಿ, ಎರಡೂ ಒಂದಕ್ಕೊಂದು ತಾಗದಂತೆ ಇಳಿಬಿಡಬೇಕು. ಭಾಗದ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ರಾತ್ರಿ ಕಳೆಯುವುದರೊಳಗೆ ಕೆಂಪು ತುಕ್ಕು ಕಪ್ಪಗಾಗಿ ಸಡಿಲಗೊಂಡು ಬ್ರಷ್ಷಿಗೆ ಬಂದುಬಿಡುತ್ತದೆ. ಇದರಲ್ಲಿ ಒಳ್ಳೆಯ ಕಬ್ಬಿಣ ಕರಗುವುದಿಲ್ಲ, ಆಮ್ಲದಲ್ಲಿ ಇಟ್ಟು ಮರೆತರೆ ಆಗುವ ನಷ್ಟ ಇಲ್ಲಿಲ್ಲ. ಎರಡು ಎಚ್ಚರಿಕೆಗಳನ್ನು ಮಾತ್ರ ಎಷ್ಟು ಒತ್ತಿ ಹೇಳಿದರೂ ಸಾಲದು. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಿನಲ್ಲಿ ಮಾಡಬೇಕು, ಹತ್ತಿರ ಬೆಂಕಿ ಕೂಡದು, ಚಾರ್ಜರ್ ಆರಿಸಿದ ಮೇಲೆಯೇ ತಂತಿ ಮುಟ್ಟಬೇಕು. ಪಾಸಿಟಿವ್ ಕಡೆಗೆ ಸ್ಟೀಲ್ ಪಾತ್ರೆಯ ತುಂಡನ್ನಾಗಲಿ, ಕ್ರೋಮ್ ಇರುವ ವಸ್ತುವನ್ನಾಗಲಿ ಎಂದಿಗೂ ಕಟ್ಟಬಾರದು. ಅದರಲ್ಲಿರುವ ಕ್ರೋಮಿಯಂ ಕರಗಿ ನೀರು ಹಳದಿಯಾಗುತ್ತದೆ, ಆ ಹಳದಿ ವಿಷ. ಸಣ್ಣ ಭಾಗಗಳಿಗೆ ಇಷ್ಟೆಲ್ಲ ಬೇಡ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಅದರಲ್ಲಿ ನೆನೆಹಾಕಿದರೆ ಸಾಕು, ಆದರೆ ಆಗಾಗ ತೆಗೆದು ನೋಡುತ್ತಿರಬೇಕು.

ಸೈಲೆನ್ಸರಿನದು ಬೇರೆಯದೇ ಪಾಡು. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಕೂಡ ಉರಿಯುವುದರಿಂದ ಒಳಗೆಲ್ಲ ಡಾಂಬರಿನಂಥ ಮಸಿ. ಅದನ್ನು ಹಾಗೆಯೇ ತೊಟ್ಟಿಗೆ ಇಳಿಸಿದರೆ ಜಿಡ್ಡು ಹೊರಬಂದು ನಮ್ಮ ಭಾಗ ಕೆಡುವುದಷ್ಟೇ ಅಲ್ಲ, ಇಡೀ ತೊಟ್ಟಿಯ ನಿಕ್ಕಲ್ ದ್ರಾವಣವೇ ಹಾಳಾಗುತ್ತದೆ. ಪ್ಲೇಟಿಂಗ್ ಅಂಗಡಿಯವರು ಹಳೆಯ ಸೈಲೆನ್ಸರ್ ಕಂಡರೆ ಮುಖ ತಿರುಗಿಸುವುದು, ಒಪ್ಪಿದರೂ ದುಪ್ಪಟ್ಟು ಕೇಳುವುದು ಇದೇ ಕಾರಣಕ್ಕೆ. ಸದ್ದು ತಗ್ಗಿಸಲು ಒಳಗಿರುವ ಬ್ಯಾಫಲ್ ಎಳೆದು ತೆಗೆದು, ಒಂದು ತುದಿಗೆ ಬಿಗಿಯಾಗಿ ಬೆಣೆ ಹೊಡೆದು, ಕಾಸ್ಟಿಕ್ ಸೋಡಾ ನೀರನ್ನು ಒಳಗೆ ತುಂಬಿ ನಿಲ್ಲಿಸಿದೆ. ಕೈಗೆ ಉದ್ದನೆಯ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾದ ಮೇಲೆ ಸುರಿಯಬಾರದು. ಮಾರನೆಯ ದಿನ ಬಗ್ಗಿಸಿದಾಗ ಹೊರಬಂದ ಕಪ್ಪು ಗಂಜಿ ನೋಡಿದರೆ ಗಾಡಿ ಇಷ್ಟು ವರ್ಷ ಉಸಿರಾಡಿದ್ದೇ ಹೆಚ್ಚು ಎನಿಸಿತು. ನೀರು ತಿಳಿಯಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿದೆ. ಹೊಸ ಸೈಲೆನ್ಸರುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ, ಹಳೆಯದರ ತಗಡು ತೂತು ಬಿದ್ದಿದ್ದರೆ ಅವನ್ನೇ ಕೊಳ್ಳುವುದು ಜಾಣತನ. ನನ್ನವನ್ನು ಬೆರಳಿನಿಂದ ತಟ್ಟಿದರೆ ಕಂಚಿನ ಹಾಗೆ ದನಿ ಕೊಡುತ್ತಿದ್ದವು, ಅದಕ್ಕೇ ಉಳಿಸಿಕೊಂಡೆ.

ಟ್ಯಾಂಕಿನ ಎಡ ಮಗ್ಗುಲಲ್ಲಿ ಮೊಣಕಾಲಿನ ರಬ್ಬರ್ ಪಟ್ಟಿಯ ಮುಂದೆ ಅಂಗೈಯಗಲದ ನೆಗ್ಗು ಇತ್ತು. ಬಣ್ಣ ಬಳಿಯುವ ಜಾಗದಲ್ಲಾದರೆ ಪುಟ್ಟಿ ತುಂಬಿ ಮುಚ್ಚಬಹುದು, ಕ್ರೋಮ್ ಆಗುವ ಜಾಗದಲ್ಲಿ ಪುಟ್ಟಿಗೆ ಎಡೆಯಿಲ್ಲ. ಅದರೊಳಗೆ ವಿದ್ಯುತ್ ಹರಿಯುವುದಿಲ್ಲ, ಲೋಹ ಕೂರುವುದಿಲ್ಲ. ಟಿಂಕರಿಂಗ್ ಕೆಲಸದಲ್ಲಿ ತಲೆ ನರೆತ ಹಿರಿಯರೊಬ್ಬರ ಬಳಿಗೆ ಒಯ್ದೆ. ಪೆಟ್ರೋಲಿನ ಆವಿ ಉಳಿದಿರುವ ಟ್ಯಾಂಕಿನ ಹತ್ತಿರ ಗ್ಯಾಸ್ ಬೆಂಕಿ ತಂದರೆ ಅದು ಬಾಂಬಿಗೆ ಸಮ. ಆದ್ದರಿಂದ ಮೊದಲೇ ಬಿಸಿನೀರು ಮತ್ತು ಸೋಪಿನಿಂದ ಹಲವು ಬಾರಿ ತೊಳೆದು, ಬಿಸಿಲಿಗೆ ಒಣಗಿಸಿ ಕೊಟ್ಟಿದ್ದೆ. ಅವರು ಬೆಂಕಿಯನ್ನೇ ಬಳಸಲಿಲ್ಲ. ಮುಚ್ಚಳದ ಬಾಯಿಯಿಂದ ಬಾಗಿದ ಸರಳು ತೂರಿಸಿ, ಒಳಗಿನಿಂದ ಒತ್ತುತ್ತಾ, ಹೊರಗೆ ಅಂಗೈ ಸವರಿ ಸವರಿ ನೋಡುತ್ತಾ ಎತ್ತಿದರು. ಕಣ್ಣಿಗೆ ಕಾಣದ ಏರುತಗ್ಗು ಅಂಗೈಗೆ ತಿಳಿಯುತ್ತದೆ. ಆಮೇಲೆ ಅರದಿಂದ ಹಗುರಾಗಿ ಒಂದೆರಡು ಎಳೆತ ಎಳೆದು, ಅರ ತಾಗದ ಜಾಗವನ್ನು ಮತ್ತೆ ಎತ್ತಿದರು. ಅವರು ಕೇಳಿದ ಕೂಲಿಯಲ್ಲಿ ಒಂದು ಪೈಸೆಯನ್ನೂ ನಾನು ಚೌಕಾಸಿ ಮಾಡಲಿಲ್ಲ.

ಟ್ಯಾಂಕನ್ನು ಪ್ಲೇಟಿಂಗಿಗೆ ಕೊಡುವ ಮುನ್ನ ನೀರು ತುಂಬಿ ಸೋರಿಕೆ ನೋಡಬೇಕು. ಎಲ್ಲ ಬಾಯಿಗಳಿಗೂ ರಬ್ಬರ್ ಬಿರಡೆ ಬಿಗಿಯಬೇಕು. ಆಮ್ಲ ಒಳಗೆ ಹೋದರೆ ಕೀಲುಗಳ ಸಂದಿಯಲ್ಲಿ ಅಡಗಿ ಕೂತು, ತಿಂಗಳುಗಳ ನಂತರ ಬಣ್ಣದ ಅಡಿಯಿಂದ ಒಸರುತ್ತದೆ. ಕ್ರೋಮ್ ಮೊದಲು, ಬಣ್ಣ ಆಮೇಲೆ. ಬಣ್ಣ ಬರುವ ಮೇಲ್ಭಾಗಕ್ಕೆ ಮೆರುಗೆಣ್ಣೆ ಬಳಿದು ಮುಚ್ಚಲು ಅಂಗಡಿಯವರಿಗೆ ಹೇಳಿದೆ. ನುಣುಪಾದ ಕ್ರೋಮಿನ ಮೇಲೆ ಬಣ್ಣ ಹಿಡಿಯುವುದಿಲ್ಲ, ಬೇಡದ ಕಡೆ ಪ್ಲೇಟಿಂಗ್ ಮಾಡಿಸಿದರೆ ದುಡ್ಡೂ ದಂಡ.

ಇನ್ನು ಅಂಗಡಿಯ ಮಾತು. ಬೆಂಗಳೂರಿನ ಪೀಣ್ಯ ಮತ್ತು ಕಾಮಾಕ್ಷಿಪಾಳ್ಯದ ಕಡೆ ಪ್ಲೇಟಿಂಗ್ ಘಟಕಗಳು ಬಹಳ ಇವೆ. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಗಳ ಬಿಡಿಭಾಗ, ನಲ್ಲಿ, ಕುರ್ಚಿಯ ಕಾಲುಗಳಿಗೆ ದಿನವಿಡೀ ನಿಕ್ಕಲ್ ಕ್ರೋಮ್ ಮಾಡುತ್ತವೆ. ಹಳೆಯ ಗಾಡಿಗಳಿಗೆಂದೇ ಹೆಸರಾದ ಕಡೆಗೆ ಹೋಗದೆ ಇಂಥದೊಂದು ಘಟಕವನ್ನು ಹುಡುಕಿದೆ. ಅಲ್ಲಿ ತೊಟ್ಟಿ ಎಂದೂ ತಣ್ಣಗಾಗುವುದಿಲ್ಲ, ದ್ರಾವಣವನ್ನು ದಿನವೂ ಸರಿನೋಡುತ್ತಾರೆ, ನಮ್ಮ ನಾಲ್ಕು ಭಾಗಗಳು ಅವರ ನೂರು ಭಾಗಗಳ ಜೊತೆ ಇಳಿಯುತ್ತವೆ. ಒಂದೊಂದನ್ನೇ ತರದೆ ಎಲ್ಲವನ್ನೂ ಒಟ್ಟಿಗೆ ಒಯ್ದರೆ, ಅವರ ದೊಡ್ಡ ಕೆಲಸದ ನಡುವೆ ಬಿಡುವಾದಾಗ ಮಾಡಿ ಎಂದರೆ, ದರ ತಾನಾಗಿ ಇಳಿಯುತ್ತದೆ. ಆಯುಧಪೂಜೆಯ ಹಿಂದಿನ ವಾರಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ.

ದರ ಕೇಳುವುದಕ್ಕಿಂತ ಮೊದಲು ನಾನು ಕೇಳಿದ ಪ್ರಶ್ನೆ, ನಿಕ್ಕಲ್ ತೊಟ್ಟಿಯಲ್ಲಿ ಎಷ್ಟು ಹೊತ್ತು ಇಡುತ್ತೀರಿ ಎಂಬುದು. ಲೆಕ್ಕ ಸರಳವಾಗಿದೆ. ಚದರ ಡೆಸಿಮೀಟರಿಗೆ (ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಜಾಗಕ್ಕೆ) 4 ಆಂಪಿಯರ್ ವಿದ್ಯುತ್ ಹರಿಸಿದರೆ ನಿಮಿಷಕ್ಕೆ ಸುಮಾರು 0.8 ಮೈಕ್ರಾನ್ ನಿಕ್ಕಲ್ ಕೂರುತ್ತದೆ. ಐದು ನಿಮಿಷಕ್ಕೆ ಎತ್ತಿದರೆ 4 ಮೈಕ್ರಾನ್, ಅದು ಮನೆಯೊಳಗಿನ ಕುರ್ಚಿಗೆ ಸಾಕು. ಮಳೆ, ಕೆಸರು ಕಾಣುವ ಗಾಡಿಗೆ 20 ಮೈಕ್ರಾನಿಗಿಂತ ಕಡಿಮೆ ಇರಬಾರದು, ಅಂದರೆ ಇಪ್ಪತ್ತೈದು ನಿಮಿಷಕ್ಕೆ ಕಡಿಮೆಯಿಲ್ಲ. ಕ್ರೋಮ್ ತೊಟ್ಟಿಯಲ್ಲಿ ಕೆಲವೇ ನಿಮಿಷ ಸಾಕು. ನಿಕ್ಕಲ್ ಹೊತ್ತನ್ನು ಹೆಚ್ಚಿಸಿದ್ದಕ್ಕೆ ಅವರು ಸೇರಿಸಿದ ಹಣ ಅಲ್ಪ, ಅದರಿಂದ ಸಿಗುವ ಆಯುಷ್ಯ ಬಹಳ. ಉಳಿತಾಯ ಮಾಡಬಾರದ ಜಾಗ ಇದೊಂದೇ.

ಗುಳಿ ಬಿದ್ದ ಬೆಂಡ್ ಪೈಪುಗಳಿಗೆ ತಾಮ್ರ ಹಾಕಿ, ಬಫಿಂಗ್ ಮಾಡಿ, ಮತ್ತೆ ತಾಮ್ರ ಹಾಕಿ ಎಂದು ಕೇಳಿಕೊಂಡೆ. ಬಫಿಂಗ್ ಮಾಡುವವರ ಪಕ್ಕದಲ್ಲಿ ನಿಂತು ನೋಡಲು ಅವರು ಬಿಟ್ಟದ್ದು ದೊಡ್ಡ ಉಪಕಾರ. ಎಮರಿ ಅಂಟಿಸಿದ ಗಡಸು ಚಕ್ರದಿಂದ ಶುರುಮಾಡಿ, ಒಂದಕ್ಕಿಂತ ಒಂದು ನಯವಾದ ಚಕ್ರಕ್ಕೆ ದಾಟುತ್ತಾ, ಕೊನೆಗೆ ಪಾಲಿಶ್ ಸೋಪು ಹಚ್ಚಿದ ಬಟ್ಟೆ ಚಕ್ರಕ್ಕೆ ಬರುತ್ತಾರೆ. ಹಿಂದಿನ ಚಕ್ರದ ಗೆರೆಗಳಿಗೆ ಅಡ್ಡಲಾಗಿ ಮುಂದಿನ ಚಕ್ರವನ್ನು ಓಡಿಸುತ್ತಾರೆ, ಹಳೆಯ ಗೆರೆ ಉಳಿದಿದ್ದರೆ ಆಗ ಎದ್ದು ಕಾಣುತ್ತದೆ. ಇಲ್ಲಿ ಉಳಿದ ಗೆರೆಯನ್ನು ಯಾವ ತೊಟ್ಟಿಯೂ ಮುಚ್ಚುವುದಿಲ್ಲ, ಹೊಳಪು ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಮನೆಯಲ್ಲಿ ನಾನು ಎಮರಿ ಕಾಗದದಲ್ಲಿ ಉಜ್ಜಿಕೊಂಡು ಹೋಗಿದ್ದರಿಂದ ಗಡಸು ಚಕ್ರದ ಕೆಲಸ ಬಹುಪಾಲು ತಪ್ಪಿತು. ಬಿಲ್ ಇಳಿದದ್ದು ಇಲ್ಲಿ. ಭಾಗದ ಮೇಲೆ ಅಚ್ಚೊತ್ತಿದ ಅಕ್ಷರಗಳಿದ್ದರೆ ಬಫಿಂಗಿನವರಿಗೆ ಮೊದಲೇ ಬೆರಳಿಟ್ಟು ತೋರಿಸಿ, ಚಕ್ರಕ್ಕೆ ಅವು ಒಂದು ಕ್ಷಣದ ತುತ್ತು.

ತಂತಿ ಎಲ್ಲಿ ಕಟ್ಟುತ್ತಾರೆ ಎಂಬುದನ್ನೂ ಕೇಳಬೇಕು. ತಾಮ್ರದ ತಂತಿ ತಾಗಿದ ಕಡೆ ಕಲೆ ಉಳಿಯುತ್ತದೆ. ಹ್ಯಾಂಡಲಿಗಾದರೆ ಹಿಡಿಯ ರಬ್ಬರ್ ಮುಚ್ಚುವ ತುದಿ, ಬೆಂಡ್ ಪೈಪಿಗಾದರೆ ಸೈಲೆನ್ಸರಿನೊಳಗೆ ಸೇರುವ ತುದಿ.

ಕ್ರೋಮ್ ತೊಟ್ಟಿಯನ್ನು ಮಾತ್ರ ಮನೆಯಲ್ಲಿ ಯಾರೂ ಮಾಡಬೇಡಿ, ಇದು ನನ್ನ ಕಳಕಳಿಯ ಕೋರಿಕೆ. ಅದರಲ್ಲಿರುವುದು ಕ್ರೋಮಿಕ್ ಆಮ್ಲ, ಅಂದರೆ ಆರು ವೇಲೆನ್ಸಿಯ ಕ್ರೋಮಿಯಂ, ಆ ಲೋಹದ ವಿಷಕಾರಿ ರೂಪ. ಅದರ ಮಂಜು ಉಸಿರಾಟದಲ್ಲಿ ಸೇರಿದರೆ ಮೂಗಿನ ಒಳಗೋಡೆ ತೂತಾಗಬಹುದು, ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಪೀಣ್ಯದ ಅಂತರ್ಜಲದಲ್ಲಿ ಈ ವಿಷ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಾನು ಆರಿಸಿದ ಘಟಕದಲ್ಲಿ ತೊಟ್ಟಿಯ ಅಂಚಿಗೆ ಗಾಳಿ ಎಳೆಯುವ ಕೊಳವೆ ಇತ್ತು, ಕೆಲಸಗಾರರ ಕೈಯಲ್ಲಿ ಗವಸು ಇತ್ತು, ತೊಳೆದ ನೀರನ್ನು ಶುದ್ಧ ಮಾಡುವ ವ್ಯವಸ್ಥೆಯನ್ನು ಕೇಳಿದಾಗ ಕರೆದೊಯ್ದು ತೋರಿಸಿದರು. ಇವು ಇಲ್ಲದ, ಇನ್ನೂ ಅಗ್ಗದ ಕಡೆಯಿಂದ ವಾಪಸು ಬಂದಿದ್ದೆ. ಮೋರಿಗೆ ವಿಷ ಬಿಟ್ಟು ಉಳಿಸಿದ ದುಡ್ಡು ನನ್ನ ಟ್ಯಾಂಕಿನ ಮೇಲೆ ಹೊಳೆಯುವುದು ನನಗೆ ಬೇಕಿಲ್ಲ.

ಹ್ಯಾಂಡಲ್ ಮೇಲೆ ಬಂದ ಗಳಿಗೆಯನ್ನು ದೂರದಿಂದ ಕಂಡೆ. ನಿಕ್ಕಲ್ ತೊಟ್ಟಿಯಿಂದ ಎತ್ತಿದಾಗ ಅದರ ಹೊಳಪಿನಲ್ಲಿ ತುಸು ಹಳದಿ ಛಾಯೆ ಇತ್ತು. ತೊಳೆದು, ಕ್ರೋಮ್ ತೊಟ್ಟಿಗೆ ಇಳಿಸಿ ಎತ್ತಿದಾಗ ಕಡುಗೆಂಪು ನೀರು ಸುರಿಯಿತು. ಮತ್ತೆ ತೊಳೆದರು. ಹಳದಿ ಮಾಯವಾಗಿ, ಜಾವಾ ಕಂಡವರಿಗೆ ಗೊತ್ತಿರುವ ಆ ತಣ್ಣನೆಯ ನೀಲಿ ಬಂದಿತ್ತು.

ಭಾಗಗಳನ್ನು ಬಿಡಿಸಿಕೊಂಡು ಬರುವಾಗ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ. ಬೆಳಕಿನ ಗೆರೆ ಎಲ್ಲಿಯೂ ನಡುಗದೆ ಹರಿಯಬೇಕು. ಬಾಗಿನ ಒಳಮೈಯನ್ನು ವಿಶೇಷವಾಗಿ ನೋಡಬೇಕು, ಏಕೆಂದರೆ ಕ್ರೋಮ್ ಮೂಲೆಗೆ, ತಗ್ಗಿಗೆ ಸುಲಭವಾಗಿ ಹೋಗುವುದಿಲ್ಲ. ಅಲ್ಲಿ ಹಳದಿ ಕಂಡರೆ ನಿಕ್ಕಲ್ ಬಯಲಾಗಿದೆ ಎಂದೇ ಅರ್ಥ. ನನ್ನ ಒಂದು ಬೆಂಡ್ ಪೈಪಿನ ಒಳಬಾಗಿನಲ್ಲಿ ಹೀಗಾಗಿತ್ತು. ತೋರಿಸಿದೆ, ಮರುಮಾತಿಲ್ಲದೆ ಮತ್ತೆ ಇಳಿಸಿಕೊಟ್ಟರು.

ಮನೆಗೆ ತಂದ ಮೇಲಿನ ಆರೈಕೆಗೆ ಹೆಚ್ಚು ಖರ್ಚಿಲ್ಲ. ಟ್ಯಾಂಕಿನ ಒಳಗನ್ನು ವಾಷಿಂಗ್ ಸೋಡಾ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ, ಒಂದಿಷ್ಟು ಆಯಿಲ್ ಹಾಕಿ ತಿರುಗಿಸಿದೆ. ಹ್ಯಾಂಡಲ್ ಕೊಳವೆಯೊಳಕ್ಕೂ ಆಯಿಲ್ ಸುರಿದು ಬಗ್ಗಿಸಿದೆ. ರಿಮ್ಮಿನ ಒಳಭಾಗಕ್ಕೆ, ಟ್ಯೂಬ್ ಕೂರುವ ಕಡೆ, ಪ್ರೈಮರ್ ಮತ್ತು ಬಣ್ಣ ಬಳಿದೆ. ಅಲ್ಲಿ ಪ್ಲೇಟಿಂಗ್ ತೀರಾ ತೆಳು, ಕಡ್ಡಿಯ ತೂತುಗಳಿಂದ ನೀರು ಇಳಿಯುತ್ತದೆ, ರಿಮ್ ಸಾಯುವುದು ಒಳಗಿನಿಂದಲೇ. ಬೆಂಡ್ ಪೈಪು ಬಿಸಿಗೆ ನೀಲಿಯಾಗುವುದನ್ನು ಒಳ್ಳೆಯ ಕ್ರೋಮ್ ಕೂಡ ಪೂರ್ತಿ ತಡೆಯುವುದಿಲ್ಲ. ಕಾರ್ಬ್ಯುರೇಟರ್ ಮತ್ತು ಇಗ್ನಿಷನ್ ಟೈಮಿಂಗ್ ಸರಿಯಿದ್ದರೆ ಅದು ತಡವಾಗಿ, ಕಡಿಮೆಯಾಗಿ ಬರುತ್ತದೆ, ಆದ್ದರಿಂದ ಹೊಸ ಪೈಪು ಹಾಕುವ ಮುನ್ನವೇ ಎರಡನ್ನೂ ಹಳೆಯ ಪೈಪಿನಲ್ಲಿ ಸರಿಮಾಡಿಕೊಳ್ಳುವುದು ಒಳ್ಳೆಯದು. ತೊಳೆಯುವಾಗ ಬಚ್ಚಲುಮನೆಯ ಆಸಿಡ್ ಮುಟ್ಟಿಸಲೇಬೇಡಿ. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಯಲ್ಲಿ ಗಾಡಿ ಇಡುವವರು ಮೇಣವನ್ನು ಇನ್ನೂ ಬೇಗಬೇಗ ಹಚ್ಚುತ್ತಿರಬೇಕು.

ಸದ್ಯಕ್ಕೆ ಹಿಂದಿನ ರಿಮ್ ಬಾಕಿ ಇದೆ. ಅದರ ವೆಲ್ಡಿಂಗ್ ಕೀಲಿನ ಹತ್ತಿರ ಬಿರುಕಿನಂಥ ಗೆರೆ ಕಾಣುತ್ತಿದೆ. ಅದು ಬಿರುಕೋ, ಬರೀ ತುಕ್ಕಿನ ಗೆರೆಯೋ ಎಂದು ಖಚಿತವಾಗುವವರೆಗೆ ಅದಕ್ಕೆ ಪ್ಲೇಟಿಂಗ್ ಮಾಡಿಸುವುದಿಲ್ಲ. ಬಿರುಕಾಗಿದ್ದರೆ ಹೊಸ ರಿಮ್ ಕೊಳ್ಳುತ್ತೇನೆ.